ಕೆಂಡಪ್ಪನ ಮೈಬಿಸಿ

ಬೇಕರಿಯ ಒಲೆಯ ಮುಂದೆ ಅರ್ಧ ಆಯಸ್ಸು ಕಳೆದ ಅವನನ್ನು ಎಲ್ಲರೂ ಕೆಂಡಪ್ಪ ಎಂದೇ ಕರೆಯುತ್ತಿದ್ದರು. ಚಳಿಗಾಲದಲ್ಲಿ ಅವನ ಪಕ್ಕ ನಿಲ್ಲಲು ಜೊತೆಗಾರರಲ್ಲಿ ಪೈಪೋಟಿ. ಅಷ್ಟು ಬಿಸಿ ಮೈ. ಅಂಥವನಿಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟ ಎಂದು ಅತ್ತೆ ಆಸ್ಪತ್ರೆಯಲ್ಲಿ ಹೇಳಿದಾಗ, ಅದು ಹೊಗಳಿಕೆಯೋ ಕೊಂಕೋ ಅವನಿಗೆ ತಿಳಿಯಲಿಲ್ಲ. ಅತ್ತೆಯ ಮಾತು ಯಾವತ್ತೂ ಹಾಗೆಯೇ, ಎರಡೂ ಕಡೆ ಹರಿತ.

ಮಗಳು ದಿನ ತುಂಬುವ ಮುಂಚೆಯೇ ಹುಟ್ಟಿದ್ದಳು. ತೂಕಕ್ಕೆ ಹಾಕಿದರೆ ಎರಡು ಬ್ರೆಡ್ಡಿಗೂ ಸಾಲದಷ್ಟು ಜೀವ. ಹೆತ್ತವಳು ಹೊಟ್ಟೆ ಕೊಯ್ಸಿಕೊಂಡು, ಆಮೇಲೆ ನಂಜೇರಿ, ಮೇಲಿನ ಮಹಡಿಯಲ್ಲಿ ಜ್ವರದಲ್ಲಿ ಬೇಯುತ್ತಿದ್ದಳು. ಮಗುವನ್ನು ಅವಳು ಇನ್ನೂ ಒಮ್ಮೆಯೂ ಮುಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದ ಮೇಲೆ ಯಾರಾದರೂ ಅದನ್ನು ಬರಿ ಎದೆಗೆ ಹಚ್ಚಿಕೊಂಡು ಕಾಪಾಡಬೇಕಿತ್ತು.

"ಕಾಂಗರೂ ಆರೈಕೆ ಅಂತಾರೆ. ಅಮ್ಮಂಗೆ ಆಗ್ದಿದ್ರೆ ಅಪ್ಪನೂ ಮಾಡ್ಬಹುದು," ಎಂದರು ಸಿಸ್ಟರ್. "ಶರ್ಟ್ ಬಿಚ್ಚಿ."

"ಗಂಡಸರು ಬಾಣಂತನ ಮಾಡೋ ಕಾಲ ಬಂತಲ್ಲಪ್ಪ!" ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಳಿಯಂದ್ರೇ, ಬನ್ನು ಅಂದ್ಕೊಂಡು ಟ್ರೇಗೆ ಹಾಕ್ಬಿಟ್ಟೀರಿ, ಜೋಕೆ."

ಸಿಸ್ಟರ್ ಮಗುವನ್ನು ಅವನ ಎದೆಯ ಮೇಲೆ ಕವುಚಿ ಮಲಗಿಸಿ, ಕತ್ತು ನೆಟ್ಟಗೆ ಮಾಡಿ, ಬಟ್ಟೆಯಿಂದ ಕಟ್ಟಿದರು. "ತಣ್ಣಗಾಗೋಕೆ ಬಿಡ್ಬೇಡಿ. ಮುಖ ಮಾತ್ರ ಕಾಣ್ತಾ ಇರ್ಬೇಕು, ನೋಡ್ತಾನೇ ಇರಿ. ಇಂಥ ಮಕ್ಕಳು ಒಮ್ಮೊಮ್ಮೆ ಉಸಿರಾಡೋದನ್ನೇ ಮರ್ತುಬಿಡ್ತವೆ. ಬಣ್ಣ ಬದಲಾದ್ರೆ ಕೂಗಿ."

ಮೊದಮೊದಲು ಅವನು ಮೈಯೆಲ್ಲ ಕಣ್ಣಾಗಿ ಕೂತ. ಮಗಳು ಉಸಿರು ಮರೆತಾಗ ಅಂಗಾಲು ತಿಕ್ಕಿ ನೆನಪಿಸಿದ. ತೂಕ ಒಂದಿಷ್ಟು ಏರಿತು. ಬೇಕರಿಯವರಿಗೆ ಫೋನು ಮಾಡಿ, "ನನ್ನ ಒಲೆ ಚೆನ್ನಾಗಿ ಉರೀತಿದೆ ಕಣ್ರೋ," ಎಂದು ಬೀಗಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ಇವನ ಹೆಗ್ಗಣವಂತೂ ನಿಜಕ್ಕೂ ಹೆಗ್ಗಣದ ಮರಿಯಷ್ಟೇ ಇತ್ತು, ಮುದ್ದಿಗೆ ಮಾತ್ರ ಮಿತಿಯಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲಿನ ವಾರ್ಡಿನ ಡಾಕ್ಟರು, ಜ್ವರ ಇಳಿದಿದೆ, ಸಂಜೆ ಮಗುವನ್ನು ತಾಯಿಯ ಎದೆಗೆ ಕೊಡಬಹುದು ಎಂದರು. ಕೆಂಡಪ್ಪ ಓಡಿಹೋಗಿ ಹೆಂಡತಿಗೆ ಹೇಳಿದ. ಅವಳು ಅವನ ಕೈ ಹಿಡಿದುಕೊಂಡಳು.

"ನನ್ನ ಕೈಗೆ ಬರೋವರೆಗೂ ಬೆಚ್ಚಗಿಟ್ಟಿರಿ ರೀ. ಅಷ್ಟು ಮಾಡಿ ಸಾಕು."

"ಬೆಚ್ಚಗಿಡೋದನ್ನ ನಂಗೆ ಹೇಳ್ಕೊಡ್ಬೇಕಾ?"

ಅವತ್ತು ಗಾಳಿ ಜೋರು. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಚಳಿ ನುಗ್ಗುತ್ತಿತ್ತು. ಅವನು ಬಟ್ಟೆಯನ್ನು ಮಗಳ ಟೋಪಿಯವರೆಗೂ ಎಳೆದುಕೊಂಡ. ಬೇಕರಿಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಉಬ್ಬಲು ಇಟ್ಟ ಹಿಟ್ಟಿನ ಮೇಲಿನ ಬಟ್ಟೆಯನ್ನು ತೆಗೆದು ನೋಡಬಾರದು. ಗಾಳಿ ತಾಗಿದರೆ ಹಿಟ್ಟು ಕೂತುಬಿಡುತ್ತದೆ. ತಾಳ್ಮೆಗೆಟ್ಟು ಇಣುಕಿದ ಎಷ್ಟೋ ಹೊಸಬರ ತಲೆಗೆ ಅವನೇ ಮೊಟಕಿದ್ದ. ಬಟ್ಟೆಯ ಮೇಲೆ ಅಂಗೈ ಇಟ್ಟರೆ ಅವನಿಗೆ ಒಳಗಿನದೆಲ್ಲ ತಿಳಿಯುತ್ತಿತ್ತು. ಆ ಕೈ ಯಾವತ್ತೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಆ ಮಧ್ಯಾಹ್ನವೂ ಅಂಗೈ ಇಟ್ಟುಕೊಂಡೇ ಕೂತ. ಸಂಜೆಯವರೆಗೆ ದಾಟಿಸಿದರೆ ಆಯಿತು ಎಂಬುದೊಂದೇ ಧ್ಯಾನ.

"ಹೇಗಿದ್ದಾಳೆ?" ಅತ್ತ ಹೋಗುತ್ತ ಸಿಸ್ಟರ್ ಕೇಳಿದರು.

"ಬೆಚ್ಚಗಿದ್ದಾಳೆ."

ಇನ್ನೊಮ್ಮೆ ಹಾದುಹೋಗುವಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ಪಕ್ಕದಲ್ಲಿ ಬೇರೆ ಮಗು ಕಿರುಚುತ್ತಿತ್ತು, ಸಿಸ್ಟರ್ ಅಲ್ಲಿಗೆ ಓಡಿದರು. ಅಳುವ ಮಗುವಿನ ಕಡೆಗೇ ಎಲ್ಲರ ಓಟ, ಲೋಕವೇ ಹಾಗೆ.

ಹಾಲು ಕೊಡುವ ಹೊತ್ತಿಗೆ ಬಂದ ಸಿಸ್ಟರ್ ಬಟ್ಟೆ ಸರಿಸಿ ನೋಡಿದರು. ಮರುಗಳಿಗೆಯಲ್ಲಿ ಗಂಟು ಬಿಚ್ಚಿ ಮಗುವನ್ನು ಕಿತ್ತುಕೊಂಡು ಮೇಜಿಗೆ ಓಡಿದ್ದರು. ಡಾಕ್ಟರು ಬಂದರು. ಪುಟ್ಟ ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ಊದಿದರು, ಎರಡು ಬೆರಳಲ್ಲಿ ಎದೆ ಒತ್ತಿದರು. ಕೆಂಡಪ್ಪ ಬರಿಮೈಯಲ್ಲಿ ನಿಂತಿದ್ದ. ಕೊನೆಗೆ ಡಾಕ್ಟರು ಕೈ ತೆಗೆದರು.

"ಬೆಚ್ಚಗಿದ್ಳಲ್ಲ ಸಿಸ್ಟರ್! ಈಗಿನ್ನೂ ಬೆಚ್ಚಗಿದ್ಳು!"

"ಅದು ನಿಮ್ಮ ಬಿಸಿ, ಅಣ್ಣ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತನ್ನ ಮೈಯ ಮೇಲೆಯೇ ಹೇಸಿಗೆ ಹುಟ್ಟಿತು.

"ಬಟ್ಟೆ ಸರ್ಸಿ ನೋಡಿದ್ರೆ ಉಳೀತಿದ್ಳಾ?"

"ಗೊತ್ತಿಲ್ಲ." ಸಿಸ್ಟರ್ ಧ್ವನಿ ಒಡೆದಿತ್ತು. "ನಾನೂ ಎರಡ್ಸಲ ಹಾದುಹೋದೆ. ನಾನೂ ನೋಡ್ಲಿಲ್ಲ."

ಅವರು ಬಿಳಿ ಬಟ್ಟೆ ತಂದು ಸುತ್ತಲು ಹೋದಾಗ ಅವನು ಅಡ್ಡ ನಿಂತ. "ಸುತ್ಬೇಡಿ. ಮೊದಲಿನ ಹಾಗೇ ಕಟ್ಟಿ. ಅವಳಮ್ಮಂಗೆ ಬೆಚ್ಚಗೆ ಕೊಡ್ತೀನಿ ಅಂದಿದೀನಿ." ಅವನಿಗೆ ತಲೆ ಕೆಟ್ಟಿರಲಿಲ್ಲ, ಅದು ಸಿಸ್ಟರಿಗೂ ಕಂಡಿತು. ಡಾಕ್ಟರ ಮುಖ ನೋಡಿದರು, ಅವರು ಆಗಲಿ ಎಂದು ತಲೆಯಾಡಿಸಿದರು. ಸಿಸ್ಟರ್ ಮಗುವನ್ನು ಮತ್ತೆ ಅವನ ಎದೆಗೆ ಕಟ್ಟಿದರು. ಅಭ್ಯಾಸಬಲದಿಂದ ಕತ್ತನ್ನೂ ನೆಟ್ಟಗೆ ಮಾಡಿದರು.

ಮೆಟ್ಟಿಲ ಬಳಿ ಅತ್ತೆ ಸಿಕ್ಕರು. ಏನೋ ತಮಾಷೆ ಮಾಡಲು ಬಾಯಿ ತೆರೆದವರು ಅಳಿಯನ ಮುಖ ನೋಡಿ ಗೋಡೆ ಹಿಡಿದುಕೊಂಡರು. ಆಮೇಲೆ ಮುಂದೆ ನಡೆದು, ಜನರನ್ನು ಸರಿಸಿ ದಾರಿ ಮಾಡಿಕೊಟ್ಟರು.

ಹೆಂಡತಿ ತಲೆ ಬಾಚಿಕೊಂಡು, ದಿಂಬಿಗೆ ಒರಗಿ ಕೂತಿದ್ದಳು. ಆಸ್ಪತ್ರೆಯ ಅಂಗಿಯ ಗುಂಡಿಗಳನ್ನು ಆಗಲೇ ಬಿಚ್ಚಿಟ್ಟುಕೊಂಡಿದ್ದಳು.

"ಇಷ್ಟು ಬೇಗ ತಂದ್ರಾ!"

"ಹೋಗ್ಬಿಟ್ಳು ಕಣೇ," ಎಂದ. "ನಾನು ಮುಖ ನೋಡ್ಲಿಲ್ಲ. ಬಟ್ಟೆ ಮುಚ್ಚಿ ಕೂತಿದ್ದೆ. ಇನ್ನೂ ಬೆಚ್ಚಗಿದ್ದಾಳೆ, ತಗೋ."

ಅವಳು ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಮಗುವನ್ನು ಬರಿ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಅತ್ತೆ ಬಾಗಿಲಲ್ಲಿ ಬಿಕ್ಕುತ್ತಿದ್ದರು. ಕೊನೆಗೆ ಅವಳೇ ಬಟ್ಟೆಯ ಅಂಚನ್ನು ಮೆಲ್ಲಗೆ ಸರಿಸಿ, ಮಗಳ ಮುಖವನ್ನು ಇಷ್ಟಿಷ್ಟೇ ನೋಡಿದಳು; ಹುಬ್ಬು, ರೆಪ್ಪೆ, ತುಟಿ.

"ಮೂಗು ನಿಮ್ದೇ ರೀ," ಎಂದಳು.

ಅವನು ಕಿಟಕಿಯ ಕಡೆ ತಿರುಗಿ ನಿಂತಿದ್ದ.

"ಬನ್ನಿ ಇಲ್ಲಿ. ಈಗ್ಲಾದ್ರೂ ನೋಡಿ."

ಅವನು ಬಂದು ಬಗ್ಗಿ ನೋಡಿದ. ಅವಳು ಅವನ ಬೆರಳು ಹಿಡಿದು ಮಗಳ ಕೆನ್ನೆಗೆ ಮುಟ್ಟಿಸಿದಳು. ಕೆನ್ನೆ ಆಗಲೇ ತಣ್ಣಗಾಗತೊಡಗಿತ್ತು.