ಜೇಬಿಲ್ಲದ ನಿಲುವಂಗಿ

“ಮುಟ್ಟಬೇಡಿ ಮಾಮ,” ಎಂದು ಮಗಳು ಬಾಗಿಲಿಗೆ ಅಡ್ಡ ನಿಂತಳು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಮೇಜಿನ ಮೇಲೆಯೇ ತೀರಿಕೊಂಡ ಅಮ್ಮನನ್ನು ಮಲಗಿಸಿದ್ದರು. ಮೈಮೇಲೆ ತಾನೇ ಹೊಲಿದುಕೊಂಡ ನೀಲಿ ನಿಲುವಂಗಿ.

ಮಾಮನ ತೋಳಿನ ಮೇಲೆ ಅವನ ಪಂಥದ ಸಭೆಯವರು ತೊಡುವ ಬಿಳಿ ನಿಲುವಂಗಿಯಿತ್ತು. ಅವನ ಹಿಂದೆ ಅಂಥದ್ದೇ ಬಿಳಿ ತೊಟ್ಟ ಚಿಕ್ಕಮ್ಮ, ತಲೆ ತಗ್ಗಿಸಿ.

“ಇದನ್ನ ಹಾಕಿ ಮಣ್ಣು ಮಾಡೋಣ. ದಾರಿ ತಪ್ಪಿದ ನನ್ನ ತಂಗಿ ಕೊನೇಲಿ ವಾಪಸ್ ಬಂದ್ಲು ಅಂತ ನಾಳೆ ಸಭೆಯಲ್ಲಿ ಹೇಳಬೇಕು.”

“ಬರಲಿಲ್ಲವಲ್ಲ.”

“ಸತ್ತವಳು ಎದ್ದು ಇಲ್ಲ ಅಂತಾಳಾ?”

ಮೆಟ್ಟಿಲ ಮೇಲಿದ್ದ ಪಕ್ಕದಂಗಡಿಯ ಇಸ್ತ್ರಿಯವನು ಗಂಟಲು ಸರಿಮಾಡಿಕೊಂಡ. “ಬದುಕಿದ್ದಾಗ ಈ ಬಾಗಿಲಿಗೆ ಕಲ್ಲು ಬಿತ್ತು, ಈಗ ಬಟ್ಟೆ ಬಂದಿದೆ. ಪರವಾಗಿಲ್ಲ, ಸುಧಾರಿಸಿದ್ದೀರಿ ಸ್ವಾಮಿ!”

*

ಸಭೆಯಲ್ಲಿ ಹೆಂಗಸರ ಬಟ್ಟೆಗೆ ಜೇಬು ಕೂಡದು. ಜೇಬು ಬಂದರೆ ಗುಟ್ಟು ಬರುತ್ತದೆ ಎನ್ನುವುದು ಹಿರಿಯರ ಮಾತು. ಏಳು ವರ್ಷದ ಮಗಳ ಕೈಹಿಡಿದು ಸಭೆ ಬಿಟ್ಟು ಹೊರಬಿದ್ದ ದಿನ, ಬಾಡಿಗೆ ಕೋಣೆಯಲ್ಲಿ ಅಮ್ಮ ಮೊದಲು ಹೊಲಿದದ್ದು ಒಂದು ಜೇಬು.

“ಏನಿಡ್ತೀಯಮ್ಮ ಅದರಲ್ಲಿ?”

“ನಾನು ನಂಬೋದನ್ನ.”

“ಏನು ನಂಬ್ತೀಯ?”

“ಗೊತ್ತಿಲ್ಲ ಕಣೇ. ಅವರು ಕೊಟ್ಟಿದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದೆ.”

ಮೊದಲ ವರ್ಷವಿಡೀ ಜೇಬಿನಲ್ಲಿ ಖಾಲಿ ಚೀಟಿಯಿತ್ತು. ಆಮೇಲೆ ಒಂದೊಂದೇ ಸಾಲು ಬಂತು. ಬರೆದದ್ದನ್ನೇ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಳು. ‘ದೇವರು’ ಎಂದು ನಾಲ್ಕು ಸಲ ಬರೆದು ಹೊಡೆದು, ಐದನೆಯ ಸಲ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ ಉಳಿಸಿಕೊಂಡಳು. ಒಮ್ಮೆಯೂ ಹೊಡೆಯದ ಸಾಲು ಒಂದೇ: ‘ಪ್ರಶ್ನೆ ಕೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ.’

*

ಮಾಮ ಬಾಗಿಲಲ್ಲಿದ್ದ ಮಗಳನ್ನು ತಳ್ಳಿಕೊಂಡೇ ಒಳನುಗ್ಗಿದ. ಅಮ್ಮನ ಜೇಬಿನಿಂದ ಇಣುಕುತ್ತಿದ್ದ ಚೀಟಿಗೆ ಕೈಹಾಕಿ ಎಳೆದ. ಹಳೆಯ ಬಟ್ಟೆ, ಜೇಬೇ ಪರ್ರನೆ ಕಿತ್ತು ಬಂತು. ಚೀಟಿ ನೆಲಕ್ಕೆ ಬಿತ್ತು.

ಮಗಳು ಬಗ್ಗಿ ಚೀಟಿ ಎತ್ತಿಕೊಂಡಳು.

“ಕೊಡಿ ಆ ಬಿಳಿ ನಿಲುವಂಗಿ.”

“ಈಗ ಬುದ್ಧಿ ಬಂತು,” ಎಂದು ಮಾಮ ಕೊಟ್ಟ.

ಅವಳು ಅದನ್ನು ಅಮ್ಮನ ಕಾಲಬುಡದಲ್ಲಿ ಹರಡಿದಳು. ಗೋಡೆಯ ಮೊಳೆಯಿಂದ ಅಮ್ಮನ ಕತ್ತರಿ ತೆಗೆದು, ಸರಿಯಾಗಿ ಎದೆಯ ಜಾಗದಲ್ಲಿ ಒಂದು ಚೌಕ ಕತ್ತರಿಸಿದಳು.

“ಅಯ್ಯೋ ಪಾಪಿ! ಹಿರಿಯರು ಮುಟ್ಟಿ ಕೊಟ್ಟಿದ್ದು ಕಣೇ ಅದು!”

“ಒಳ್ಳೇ ಬಟ್ಟೆ ಮಾಮ. ಜೇಬಿಗೆ ಗಟ್ಟಿಯಾಗಿದೆ.”

ಅವಳು ಸೂಜಿಗೆ ದಾರ ಪೋಣಿಸಿದಳು. ಹೊಲಿಗೆ ಓರೆಯಾಗಲಿಲ್ಲ. ನೀಲಿಯ ಮೇಲೆ ಬಿಳಿಯ ಜೇಬು ಕೂತಿತು, ಅದರೊಳಗೆ ಚೀಟಿ. ಇಸ್ತ್ರಿಯವನು ಒಳಬಂದು ಹೆಣಕ್ಕೆ ಹೆಗಲು ಕೊಡಲು ನಿಂತ.

ಮಾಮ ನೆಲಕ್ಕೆ ಉಗಿದು, ಉಳಿದ ಬಟ್ಟೆಯನ್ನು ಚಿಕ್ಕಮ್ಮನ ಮುಖಕ್ಕೆ ಎಸೆದು ಹೊರಟುಹೋದ. ಚಿಕ್ಕಮ್ಮ ಅದನ್ನು ಮಡಿಸತೊಡಗಿದಳು. ಚೌಕದ ತೂತು ಸಿಕ್ಕಿದಾಗ ನಿಂತಳು. ಬಾಗಿಲ ಕಡೆ ಒಮ್ಮೆ ನೋಡಿ, ತೂತಿನ ಅಳತೆಗೆ ತನ್ನ ಅಂಗೈ ಇಟ್ಟು ನೋಡಿದಳು.