ಆಚೆ ಗೂಟದ ಜಾಕೆಟ್

"ಅದನ್ನ ಹಾಕಬ್ಯಾಡ," ಎಂದಳು ಶೆಟ್ಟೆವ್ವ. "ಬ್ಯಾರೇದ ಕೊಡು."

ದೋಣಿ ನಡೆಸುವ ಮಾಲಿಂಗ ಲೈಫ್ ಜಾಕೆಟ್ ಹಿಡಿದು ನಿಂತಿದ್ದ. ಶೆಟ್ಟೆವ್ವ ಅವನ ತಾಯಿ. ದಂಡೆಯ ಕಲ್ಲಿನ ಮೇಲೆ ಕುಳಿತು ತುಟಿ ಕಚ್ಚುತ್ತಿದ್ದ ಅರ್ಚನಾ ಅವನ ಹೆಂಡತಿ. ಬೆಳಗಿನಿಂದ ಹೆರಿಗೆ ನೋವು. ಡ್ಯಾಮಿನಿಂದ ನೀರು ಬಿಟ್ಟು ಘಟಪ್ರಭೆ ಕೆಂಪಗೆ ಉಕ್ಕುತ್ತಿತ್ತು. ನಡುಗಡ್ಡೆಯ ನಲವತ್ತು ಮನೆಗಳಿಗೆ ಆಚೆ ದಡ ಸೇರಲು ಇರುವುದು ಇದೊಂದೇ ದೋಣಿ. ಆ ದಡದಲ್ಲಿ, ಘೋಡಗೇರಿ ರಸ್ತೆಯ ಮೇಲೆ, ಆಂಬ್ಯುಲೆನ್ಸಿನ ದೀಪ ತಿರುಗುತ್ತಿರುವುದು ಮಳೆಯಲ್ಲೂ ಕಾಣುತ್ತಿತ್ತು.

"ಬ್ಯಾರೇವು ಎಲ್ಲಿ ಅದಾವ ಅವ್ವಾ? ಎಲ್ಲಾ ಹರದ ಹೋಗ್ಯಾವು."

ಹರಿಯದೆ ಏನಾದೀತು? ಸರ್ಕಾರ ಹನ್ನೆರಡು ಜಾಕೆಟ್ ಕೊಟ್ಟಿತ್ತು. ಹತ್ತನ್ನು ಜನ ತಲೆದಿಂಬು ಮಾಡಿಕೊಂಡರು, ಕೂರಲು ಹಾಸಿದರು, ಪಟ್ಟಿ ಕಿತ್ತು ಕುರಿ ಕಟ್ಟಿದರು. ಎರಡು ಮಾತ್ರ ಹೊಚ್ಚಹೊಸದಾಗಿ ಉಳಿದಿದ್ದವು. ಅವು ಘೋಡಗೇರಿ ದಡದ ದೋಣಿ ಶೆಡ್ಡಿನ ಆಚೆ ಗೂಟದಲ್ಲಿ ಬೇರೆಯಾಗಿ ತೂಗುತ್ತಿದ್ದವು; ಅವನ್ನು ನಡುಗಡ್ಡೆಯವರು ಯಾರೂ ಮುಟ್ಟುತ್ತಿರಲಿಲ್ಲ.

ನರ್ಸ್ ಸಂಘಮಿತ್ರಾ ಹೋದ ವರ್ಷ ಮೊದಲ ಸಲ ದೋಣಿ ಹತ್ತಿದಾಗ ಮಾಲಿಂಗ ಆ ಗೂಟದಿಂದಲೇ ತೆಗೆದುಕೊಟ್ಟಿದ್ದ. "ಇದು ಸ್ಪೆಷಲ್ ರೀ ಸಿಸ್ಟರ್. ನಿಮಗಂತನ ಇಟ್ಟೇವಿ." ಓದಿ ನರ್ಸ್ ಆದವಳೆಂದು ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡು ಎರಡು ತಿಂಗಳು ಹಿಗ್ಗಿದ್ದಳು. ಮನೆಯಲ್ಲಿ ಹೇಳಿಕೊಂಡೂ ಇದ್ದಳು. ಆಮೇಲೊಂದು ದಿನ ಕಬ್ಬು ಕಡಿಯಲು ಹೊರಟ ಸತ್ತೆಪ್ಪ ದೋಣಿ ಹತ್ತಿದ. ಆತ ಘೋಡಗೇರಿಯವನು, ಮನೆಮನೆಯಲ್ಲೂ ಬುದ್ಧನ ಫೋಟೋ ಇರುವ ಅವಳದೇ ಕೇರಿಯವನು. ಮಾಲಿಂಗ ಅದೇ ಗೂಟಕ್ಕೆ ಕೈ ಹಾಕಿ, ಅದೇ ನಗು ನಕ್ಕು, "ಕಾಕಾ, ತಗೋ, ನಿಂದು ಸ್ಪೆಷಲ್," ಎಂದ. ಹಿಗ್ಗಿದ ತನ್ನ ಮೇಲೇ ಅವಳಿಗೆ ಅವತ್ತು ಹೇಸಿಗೆಯಾಗಿತ್ತು.

ಈಗ ಆ ಎರಡರಲ್ಲಿ ಒಂದು, ಅರ್ಚನಾಳನ್ನು ಕರೆದೊಯ್ಯಲು ಬಂದಿದ್ದ ಅವಳ ಮೈಮೇಲಿತ್ತು. ಇನ್ನೊಂದು, ಉಕ್ಕಿದ ಹೊಳೆಗೆ ಹೆದರಿ ಹೆಂಡತಿಗೆಂದು ತಂದದ್ದು, ಮಾಲಿಂಗನ ಕೈಯಲ್ಲಿ.

"ಹೊಳಿ ನೋಡು ಅವ್ವಾ," ಎಂದ ಅವನು.

"ನೋಡೇನಿ. ಬಸರಿ ಮೈಗೆ ಅದನ್ನ ಮುಟ್ಟಸ್ತಿ ಏನ?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಶೆಟ್ಟೆವ್ವನಿಗೆ ಆ ಹುಲ್ಲುಕಡ್ಡಿಯ ಜಾತಿಯೂ ಗೊತ್ತಾಗಬೇಕಿತ್ತು.

"ಅತ್ತಿ, ನಂಗ ತಡ್ಕೊಳ್ಳಾಕ ಆಗವಲ್ದು," ಎಂದು ಅರ್ಚನಾ ನರಳಿದಳು.

ಸಂಘಮಿತ್ರಾ ಮಾಲಿಂಗನ ಕೈಯಿಂದ ಜಾಕೆಟ್ ಕಸಿದುಕೊಂಡಳು. "ಇನ್ನ ಭಾಳ ವ್ಯಾಳೆ ಇಲ್ಲ. ಕೂಸು ಬೇಕಾಗೇತೋ ಇಲ್ಲೋ ಹೇಳ್ರಿ."

ಶೆಟ್ಟೆವ್ವ ಬಗ್ಗಿ, ಹೊಳೆಯಿಂದ ಬೊಗಸೆ ನೀರೆತ್ತಿ ಜಾಕೆಟ್ಟಿನ ಮೇಲೆ ಚಿಮುಕಿಸಿದಳು. ಅದು ಆಗಲೇ ಮಳೆಗೆ ತೊಯ್ದು ತೊಟ್ಟಿಕ್ಕುತ್ತಿತ್ತು. ಮೂರು ಸಲ ಚಿಮುಕಿಸಿ, "ಈಗ ಹಾಕು," ಎಂದಳು. ಸಂಘಮಿತ್ರಾ ಥೂ ಅನ್ನಬೇಕೆನಿಸಿದ್ದನ್ನು ನುಂಗಿಕೊಂಡು, ಅರ್ಚನಾಳ ಹೊಟ್ಟೆಗೆ ಬಿಗಿಯಾಗದಂತೆ ಪಟ್ಟಿ ಕಟ್ಟಿದಳು.

ನಡುಹೊಳೆಯಲ್ಲಿ, ಕಿತ್ತುಕೊಂಡು ಬಂದ ಜಾಲಿಮರವೊಂದು ದೋಣಿಗೆ ಬಡಿಯಿತು. ದೋಣಿ ವಾಲಿ ನೀರು ನುಗ್ಗಿತು. ಶೆಟ್ಟೆವ್ವ ಕೈಗೆ ಸಿಕ್ಕಿದ್ದನ್ನು ಬಾಚಿ ತಬ್ಬಿಕೊಂಡಳು. ಸಿಕ್ಕಿದವಳು ಸಂಘಮಿತ್ರಾ. ದಡ ಬರುವ ತನಕ ಮುದುಕಿ ಹಿಡಿತ ಬಿಡಲಿಲ್ಲ. ದಡ ಬಂದ ಕೂಡಲೇ ಬಿಟ್ಟಳು. ಆಂಬ್ಯುಲೆನ್ಸಿನಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು ಸಂಘಮಿತ್ರಾಳ ಅಂಗೈಗೇ ಬಂತು.

ಒಂದೂವರೆ ತಿಂಗಳಿಗೆ ಹೊಳೆ ಇಳಿದಿತ್ತು. ಕೂಸಿಗೆ ಲಸಿಕೆ ಹಾಕಲು ಬಂದವಳಿಗೆ ಮಾಲಿಂಗ, ಮುಖ ನೋಡದೆ, ಆಚೆ ಗೂಟದಿಂದ ಜಾಕೆಟ್ ತೆಗೆದುಕೊಟ್ಟ. ಅರ್ಚನಾ ತೊಟ್ಟಿದ್ದು ಅದೇ. ಹೆರಿಗೆಯ ನೀರು, ರಕ್ತ ಒಣಗಿ ಕಪ್ಪಗಾಗಿದ್ದವು, ಗಬ್ಬು ನಾರುತ್ತಿತ್ತು.

"ಮೈಲಿಗಿ ನೋಡ್ರಿ, ಮನಿಯಾಗ ಯಾರೂ ತೊಳೀಲಿಲ್ಲ," ಎಂದು ಗೊಣಗಿದ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಮತ್ತೆ ಗೂಟಕ್ಕೆ ಹಾಕಿ, ಜಾಕೆಟ್ ಇಲ್ಲದೆಯೇ ದೋಣಿಯಲ್ಲಿ ಕುಳಿತಳು.

ಮಾಲಿಂಗನ ಮನೆಯ ಕಟ್ಟೆಯ ಮೇಲೆ ಕೈ ತೊಳೆದು, ಅರ್ಚನಾಳ ಮಡಿಲಿನ ಕೂಸಿನ ತೊಡೆಗೆ ಸೂಜಿ ಚುಚ್ಚಿದಳು. ಕೂಸು ಚೀರಿ ಅತ್ತು, ಅವಳ ಬೆರಳು ಹಿಡಿದು ಸುಮ್ಮನಾಯಿತು. ಅವಳು ಮೆಲ್ಲಗೆ ಬೆರಳು ಬಿಡಿಸಿಕೊಂಡು, ಚೀಲದ ಸಾಬೂನು ತೆಗೆದು ಮತ್ತೆ ಕೈ ತೊಳೆಯತೊಡಗಿದಳು. ಬೆರಳ ಸಂದಿ, ಉಗುರು, ಮಣಿಕಟ್ಟು. ಒಂದು ಸಲ, ಎರಡು ಸಲ, ಮೂರು ಸಲ.

ಬಾಗಿಲಲ್ಲಿ ನಿಂತಿದ್ದ ಶೆಟ್ಟೆವ್ವ ಇಳಿದು ಬಂದಳು. "ಮೊದಲ ತೊಳಕೊಂಡಿದ್ದಿ. ನಮ್ಮ ಕೂಸಿನ್ನ ಮುಟ್ಟಿದ ಮ್ಯಾಲ ಯಾಕವ್ವಾ ಇಷ್ಟ ತೊಳ್ಯಾಕತ್ತಿ?"

"ಇದು ಸ್ಪೆಷಲ್ ರೀ ಎವ್ವಾ," ಎಂದಳು ಸಂಘಮಿತ್ರಾ. "ನಿಮಗಂತನ."

ಅರ್ಚನಾ ತಲೆ ತಗ್ಗಿಸಿ ಕೂಸಿಗೆ ಸೆರಗು ಹೊದಿಸಿದಳು. ನೊರೆನೀರು ಅಂಗಳದ ಇಳಿಜಾರಿಗೆ ಹರಿದು ಶೆಟ್ಟೆವ್ವನ ಪಾದ ಮುಟ್ಟಿತು. ಆಕೆ ಕಾಲು ಎಳೆದುಕೊಳ್ಳಲಿಲ್ಲ.