ಲಿಂಬೆ ಹಿಂಡಿದಾಗ ಬಂದ ನೊರೆ

ಮಲ್ಲಕ್ಕನ ಹಪ್ಪಳಕ್ಕೆ ಹೆಸರಿಡೋರು ವಡಾಲದ ಆ ಚಾಳಿನ ಸಾಲುಮನೆಗಳಲ್ಲಿ ಇನ್ನೂ ಹುಟ್ಟಿರಲಿಲ್ಲ. ಗಂಡ ನಿಂಗಣ್ಣನಂತೂ ಲಟ್ಟಿಸೋಕೆ ಬಿಟ್ಟರೆ ತಾನೇ? ಹಸಿ ಹಿಟ್ಟಿನ ಉಂಡೆಗಳನ್ನೇ ಎಣ್ಣೆ ಹಚ್ಚಿ ನುಂಗೋ ಆಸಾಮಿ. ಸೋಮವಾರ ಸಂಜೆಯೂ ನುಂಗಿದ. ತುಟಿ ಜುಮುಜುಮು ಅಂದವು, ವಾಂತಿಯಾಯಿತು, ಬೆಳಗಾಗೋದರೊಳಗೆ ಕೈಕಾಲು ಎತ್ತಲಾರದೆ ಆಸ್ಪತ್ರೆ ಸೇರಿದ. ಯಾವ ವಿಷ ಅಂತ ಗೊತ್ತಾಗದಿದ್ದರೆ ಉಸಿರಿಗೇ ಕುತ್ತು ಅಂದರು ಡಾಕ್ಟರು.

ಹಿಟ್ಟಿನಲ್ಲಿ ಹೊಸದು ಒಂದೇ, ಹಪ್ಪಳ ಅರಳಲೆಂದು ಹಾಕಿದ ಪಾಪಡಖಾರ. ತಾನು ಹಮಾಲಿ ಮಾಡೋ ಗೋದಾಮಿನಲ್ಲಿ ಹರಿದ ಚೀಲದಿಂದ ಚೆಲ್ಲಿದ ಬಿಳಿ ಪುಡಿಯನ್ನು ನಿಂಗಣ್ಣನೇ ಪುಕ್ಕಟೆ ಸಿಕ್ಕಿತೆಂದು ಕಟ್ಟಿಕೊಂಡು ಬಂದಿದ್ದ. ಮಲ್ಲಕ್ಕ ಲಿಂಬೆ ಹಿಂಡಿ ನೋಡಿದ್ದಳು. ಬುಸ್ಸಂತ ನೊರೆ ಬಂತು. ನೊರೆ ಬಂದರೆ ಪಾಪಡಖಾರ ಖರೆ, ಅವರವ್ವ ಕಲಿಸಿದ ಪರೀಕ್ಷೆ ಅದು.

"ಅವ್ವಾ, ನಿನ್ನ ಹಿಟ್ಟಿನ್ಯಾಗ ಜಹರ್ ಐತಿ," ಅಂದುಬಿಟ್ಟಳು ಬಿಎಸ್ಸಿ ಓದೋ ಮಗಳು ಸಪ್ನಾ.

"ನನ್ನ ಕೈಹಿಟ್ಟಿಗೆ ವಿಷ ಅಂತೀಯೇನ? ನಿನ್ನೆ ಉಪಾಸ ಇರಲಿಲ್ಲಂದ್ರ ನಾನೂ ತಿಂತಿದ್ದೆ!"

ಸಪ್ನಾ ಮಿಕ್ಕ ಪುಡಿ ಕಟ್ಟಿಕೊಂಡು ದಾದರಿನ ಕಾಲೇಜಿಗೆ ಓಡಿದಳು.

ಲ್ಯಾಬಿನಲ್ಲಿ ಪುಡಿ ನೀರಿಗೆ ಕರಗಲಿಲ್ಲ. ಪಾಪಡಖಾರವಾಗಿದ್ದರೆ ಕರಗಬೇಕಿತ್ತು. ಆದರೆ ಆಸಿಡ್ ಬಿದ್ದರೆ ನೊರೆ ಉಕ್ಕುತ್ತಿತ್ತು, ಅಂದರೆ ಯಾವುದೋ ಕಾರ್ಬೊನೇಟೇ. ಬರೀ ಸುಣ್ಣಕಲ್ಲಿನ ಪುಡಿ ಆಗಿರಲಪ್ಪಾ ದೇವರೇ, ಅವ್ವನ ತಲೆಮೇಲೆ ಬರೋದು ಬೇಡ! ತೂಗಿದಳು, ಆಸಿಡ್ ಸುರಿದಳು, ಗಾಳಿಯಾಗಿ ಹೋದದ್ದೆಷ್ಟೆಂದು ಮತ್ತೆ ತೂಗಿದಳು. ಒಂದು ಮೋಲ್ ಪುಡಿಯಿಂದ ನಲವತ್ನಾಲ್ಕು ಗ್ರಾಂ ಗಾಳಿ ಹೋಗಬೇಕು. ಆ ಲೆಕ್ಕಕ್ಕೆ ಮೋಲಿನ ತೂಕ ನೂರ ತೊಂಬತ್ತೇಳರ ಹತ್ತಿರ ಬಂತು. ಸುಣ್ಣಕಲ್ಲಾಗಿದ್ದರೆ ನೂರಕ್ಕೇ ನಿಲ್ಲುತ್ತಿತ್ತು. ಕಾರ್ಬೊನೇಟಿನ ಪಾಲು ಅರವತ್ತು ಕಳೆದಳು. ಉಳಿದದ್ದು ನೂರ ಮೂವತ್ತೇಳು. ಗೋಡೆಗೆ ತೂಗುಹಾಕಿದ ಮೂಲವಸ್ತುಗಳ ಪಟ್ಟಿಯಲ್ಲಿ ಆ ತೂಕಕ್ಕೆ ಬೇರಿಯಂ ಅಂತ ಬರೆದಿತ್ತು. ಇಲಿ ಪಾಷಾಣಕ್ಕೆ ಹಾಕೋ ಬೇರಿಯಂ.

ಡಾಕ್ಟರಿಗೆ ಫೋನ್ ಮಾಡಿದಳು. "ಒಳ್ಳೇದಾಯಿತು ಹೇಳಿದ್ದು, ಈಗಲೇ ಪೊಟ್ಯಾಸಿಯಂ ಏರಿಸ್ತೀವಿ, ಅಪ್ಪ ಉಳೀತಾರೆ," ಅಂದರು. ಕೂಡಲೇ ಮನೆಗೆ ಫೋನ್ ಹಚ್ಚಿದಳು.

"ಅವ್ವಾ, ಆ ಹಿಟ್ಟು ಚೆಲ್ಲು, ಅಭೀ!"

"ಚೆಲ್ಲೂದ್ಯಾಕ? ವಿಷ ಅಂದು ಹೋದೆಲ್ಲ, ನನ್ನ ಹೊಟ್ಟಿ ಉರೀತು. ಎರಡು ಉಂಡಿ ನಾನೂ ತಿಂದು ತೋರಿಸೀನಿ. ಏನಾಗೇತಿ ನನಗ?"

ಸಪ್ನಾ ಫೋನ್ ಕಿವಿಗೆ ಹಿಡಿದುಕೊಂಡೇ ಲ್ಯಾಬಿನಿಂದ ಹೊರಗೆ ಓಡಿದಳು.

"ತುಟಿ ಅಷ್ಟ ಯಾಕೋ ಜುಮುಜುಮು ಅಂತಾವ ನೋಡವಾ," ಅಂದಳು ಮಲ್ಲಕ್ಕ.